ಕರಗಿದ ಅಂಟು, ಕೂಡಿದ ಪುಡಿ

ಕರಗಿಸಿದ ಅಂಟಿನಲ್ಲಿ ಪುಡಿಮದ್ದನ್ನು ಕಲಸಿ, ಆರಿದ ಮೇಲೆ ಗಟ್ಟಿಗೊಳಿಸುವ ವಿಧಾನ ಆಯುರ್ವೇದದಲ್ಲಿ ಬಹಳ ಹಳೆಯದು. ಮಧ್ಯಯುಗದ ಶಾರ್ಙ್ಗಧರ ಸಂಹಿತೆ ಗುಳಿಗೆಗೆ ಅಳತೆಯನ್ನೇ ಹೇಳುತ್ತದೆ: ಚೂರ್ಣದ ನಾಲ್ಕು ಪಟ್ಟು ಸಕ್ಕರೆ, ಇಲ್ಲವೇ ಎರಡು ಪಟ್ಟು ಬೆಲ್ಲ, ಗುಗ್ಗುಲವೆಂಬ ಗಿಡದ ಅಂಟಾದರೆ ಚೂರ್ಣದಷ್ಟೇ.

ಬೆಳಗಾವಿ ಜಿಲ್ಲೆಯಲ್ಲಿ ಇದರ ಸಾಮಗ್ರಿ ಎರಡು ದಿಕ್ಕಿನಿಂದ ಒದಗುತ್ತದೆ. ಖಾನಾಪುರ ಮತ್ತು ಲೋಂಡಾ ನಡುವಿನ ಗುಂಜಿಯ ಸುತ್ತ ಸಹ್ಯಾದ್ರಿಯ ಕಾಡಿದೆ; ಅಳಲೆಕಾಯಿ, ತಾರೆಕಾಯಿ ಖಾನಾಪುರ ತಾಲ್ಲೂಕಿನ ಕಾಡುಗಳ ಉತ್ಪನ್ನಗಳು. ಬೆಲ್ಲ ಬರುವುದು ಪೂರ್ವದ ಕಬ್ಬಿನ ಬಯಲಿನಿಂದ. ಅಳಲೆ ಚೂರ್ಣವನ್ನು ಬೆಲ್ಲದಲ್ಲಿ ಕಟ್ಟಿದ ಗುಳಿಗೆ ವೈದ್ಯರಿಗೆಲ್ಲ ಪರಿಚಿತ.

ಇಲ್ಲಿ ಪಾಕವೇ ಮುಖ್ಯ. ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಬೆರಳುಗಳ ನಡುವೆ ಎಳೆ ಬಂದು, ನೀರಿಗೆ ಬಿಟ್ಟ ಹನಿ ಹರಡದೆ ತಳ ಸೇರಿದಾಗ ಪಾತ್ರೆ ಇಳಿಸಿ ಚೂರ್ಣ ಬೆರೆಸಬೇಕು. ಎಳೆಪಾಕವಾದರೆ ಗುಳಿಗೆ ಅಂಟುತ್ತದೆ, ಮೀರಿದರೆ ಒಡೆಯುತ್ತದೆ. ಗುಗ್ಗುಲವನ್ನಾದರೆ ಶುದ್ಧಿಮಾಡಿ, ತುಪ್ಪ ಹಾಕುತ್ತ ಮೆತ್ತಗಾಗುವವರೆಗೆ ಕುಟ್ಟುತ್ತಾರೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಕಣ್ಣು ಬೆರಳುಗಳಿಂದಲೇ ಶಾಖವನ್ನು ಅಳೆದ ಈ ಜ್ಞಾನ ನಿಜಕ್ಕೂ ದೊಡ್ಡದು. ಅದನ್ನು ಬರಿಯ ಅಡುಗೆಮನೆಯ ಕೈಚಳಕವೆಂದು ತಳ್ಳಿಹಾಕುವುದು ಸರಿಯಲ್ಲ. ಬೆಳಗಾವಿಯ ಶಹಾಪುರದಲ್ಲಿ 1933ರಲ್ಲಿ ಆರಂಭವಾದ ಆಯುರ್ವೇದ ಮಹಾವಿದ್ಯಾಲಯದಿಂದ ಇಂಥ ವಿದ್ಯೆಗೆ ಪಾಠಶಾಲೆಯ ರೂಪ ದೊರೆಯಿತು.

ಯಂತ್ರದಲ್ಲಿ ಒತ್ತಿದ ಮಾತ್ರೆಯ ದಾರಿ ಬೇರೆ. 1843ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರೋಕೆಡನ್ ಪುಡಿಯನ್ನು ಅಚ್ಚಿನಲ್ಲಿ ಒತ್ತುವ ವಿಧಾನಕ್ಕೆ ಪೇಟೆಂಟ್ ಪಡೆದ. ನಯವಾದ ಪುಡಿ ಅಚ್ಚಿಗೆ ಸಮನಾಗಿ ಇಳಿಯುವುದಿಲ್ಲ. ಹಾಗಾದರೆ ಮಾತ್ರೆಯಿಂದ ಮಾತ್ರೆಗೆ ಮದ್ದಿನ ಪ್ರಮಾಣ ಬದಲಾಗುತ್ತದೆ. ಅದಕ್ಕೆ ಪುಡಿಯನ್ನು ಮೊದಲು ಹರಳುಹರಳಾದ ಕಣಗಳಾಗಿಸುತ್ತಾರೆ. ಅಂಟಿನ ದ್ರಾವಣ ಹಾಕಿ ಕಣಕಟ್ಟಿದರೆ ಒಣಗಿಸುವ ಕೆಲಸ ಬೀಳುತ್ತದೆ. ತೇವ ತಾಳದ ಮದ್ದು ಕೆಡುವ ಅಪಾಯವೂ ಇದೆ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಮೆಲ್ಟ್ ಗ್ರಾನ್ಯುಲೇಷನ್ ಈ ತೊಡಕನ್ನು ಬಿಡಿಸಿತು. ಸಾಮಾನ್ಯವಾಗಿ 50ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಪದಾರ್ಥವನ್ನು ಮದ್ದಿನೊಂದಿಗೆ ಬಿಸಿ ಕವಚದ ಮಿಕ್ಸರಿನಲ್ಲಿ ಕಲಸುತ್ತಾರೆ. ಬೆಲ್ಲದ ಪಾಕದಂತೆಯೇ, ತಣಿದಾಗ ಕಣ ತಾನೇ ಗಟ್ಟಿಯಾಗುತ್ತದೆ. ಅಂಟಾಗಿ ಬಳಸಿದ ಪಾಲಿಎಥಿಲೀನ್ ಗ್ಲೈಕಾಲ್ ನೀರಿನಲ್ಲಿ ಕರಗುವುದರಿಂದ ಮದ್ದು ಬೇಗ ಬಿಡುಗಡೆಯಾಗಲು ನೆರವಾಗುತ್ತದೆ, ಕಾರ್ನೌಬ ಮೇಣ ನಿಧಾನಗೊಳಿಸುತ್ತದೆ. ಮುಂದೆ ಜೋಡಿ ತಿರುಪಿನ ಯಂತ್ರಗಳಿಂದ ಕೆಲಸ ಎಡೆಬಿಡದೆ ಸಾಗುವಂತಾಯಿತು. ದೊಡ್ಡ ಪ್ರಮಾಣದಲ್ಲಿ ಕೊಡಬೇಕಾದ, ಒತ್ತಿದರೂ ಸರಿಯಾಗಿ ಕೂಡದ ಮೆಟ್‌ಫಾರ್ಮಿನ್‌ನಂಥ ಸಕ್ಕರೆ ಕಾಯಿಲೆಯ ಮದ್ದಿಗೆ ಇದು ಒಗ್ಗಿದೆ. ಬಿಸಿ ತಾಳದ ಮದ್ದುಗಳಿಗೆ ಮಾತ್ರ ಇಂದಿಗೂ ಬೇರೆ ವಿಧಾನಗಳನ್ನೇ ಬಳಸುತ್ತಾರೆ.