ಬಹುಜ್ಞತೆ: ಸೂಳೆಕೆರೆಯ ಏರಿ ಕಲಿಸುವ ಪಾಠ

ಅನೇಕ ವಿದ್ಯೆಗಳನ್ನು ಅರಿತು, ಅವೆಲ್ಲವನ್ನೂ ಒಂದೇ ಕಾರ್ಯದಲ್ಲಿ ಹೊಂದಿಸಬಲ್ಲ ಸಾಮರ್ಥ್ಯವೇ ಬಹುಜ್ಞತೆ. ಹಲವು ವಿಷಯಗಳ ಮಾಹಿತಿ ಕೂಡಿಟ್ಟುಕೊಂಡ ಮಾತ್ರಕ್ಕೆ ಯಾರೂ ಬಹುಜ್ಞರಾಗುವುದಿಲ್ಲ. ಈ ಮಾತಿಗೆ ನಮ್ಮ ಭಾಗದಲ್ಲೇ ಒಂದು ಮಹಾಸಾಕ್ಷಿಯಿದೆ. ಅದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ.

ಶಾಂತಿಸಾಗರವೆಂದೂ ಕರೆಯಲಾಗುವ ಈ ಕೆರೆಯ ವಿಸ್ತಾರ ಸುಮಾರು 6,550 ಎಕರೆ. ರಾಜಪುತ್ರಿ ಶಾಂತವ್ವ ಇದನ್ನು ಕಟ್ಟಿಸಿದಳೆಂಬುದು ಜನರ ನಂಬಿಕೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಹಾಕಿ ಹರಿದ್ರಾವತಿ ಹಳ್ಳವನ್ನು ತಡೆಯಲಾಗಿದೆ. ನೀರು ಸಿದ್ಧನಾಲೆ ಮತ್ತು ಬಸವನಾಲೆಗಳ ಮೂಲಕ ಗದ್ದೆ ತೋಟಗಳಿಗೆ ಹರಿಯುತ್ತದೆ. ಸಮೀಪದಲ್ಲೇ ಏರಿ ಕಟ್ಟಲು ಇನ್ನೂ ಅನುಕೂಲವೆಂದು ತೋರುವ ಮತ್ತೊಂದು ಸ್ಥಳವಿತ್ತು. ಅಲ್ಲಿ ಕೆಲಸ ಆರಂಭವಾಗಿಯೂ ಕೈಬಿಡಲಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಮೇಜರ್ ಸ್ಯಾಂಕಿ ಅವರು ಪರಿಶೀಲಿಸಿ, ಹಳೆಯ ಶಿಲ್ಪಿಗಳ ಆಯ್ಕೆಯೇ ಸರಿಯೆಂದು ಒಪ್ಪಿದ್ದನ್ನು ಗೆಜೆಟಿಯರ್ ದಾಖಲಿಸಿದೆ.

ಅಂತಹ ಆಯ್ಕೆಗೆ ಎಷ್ಟು ವಿದ್ಯೆಗಳು ಬೇಕಾಗಿದ್ದವು! ಕಡಪಾ ಸೀಮೆಯ ಪೋರುಮಾಮಿಳ್ಳ ಕೆರೆಯ 1369ರ ಶಾಸನವು ಉತ್ತಮ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಜಲಶಾಸ್ತ್ರ ಬಲ್ಲ ಪಂಡಿತ, ಗಟ್ಟಿನೆಲ, ಸಿಹಿನೀರಿನ ನದಿ, ಸಮೀಪದ ಕಲ್ಲುಗಣಿ, ಫಲವತ್ತಾದ ಹೊಲ, ನುರಿತ ಕೆಲಸಗಾರರು ಅಂಗಗಳಲ್ಲಿ ಸೇರಿವೆ. ಏರಿಯಲ್ಲಿ ಜಿನುಗುವ ನೀರು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿ ಇವು ದೋಷಗಳು. ಗಡಿಯ ವ್ಯಾಜ್ಯವೂ ಕೆರೆಯ ದೋಷವೆಂದು ಅರಿತವರಿಗೆ ಮಣ್ಣಿನಂತೆ ಮನುಷ್ಯ ಸ್ವಭಾವವೂ ತಿಳಿದಿತ್ತು.

ಶರಣ ಪರಂಪರೆಯಲ್ಲಿ ಸಿದ್ಧರಾಮೇಶ್ವರರು ಇದಕ್ಕೆ ಮೂರ್ತರೂಪ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಅವರೇ ಕಲ್ಯಾಣಕ್ಕೆ ಬಂದು ವಚನಗಳನ್ನು ರಚಿಸಿದರು, ಶೂನ್ಯಸಿಂಹಾಸನವನ್ನೂ ಏರಿದರು. ಕಾಯಕ ಮತ್ತು ಅನುಭಾವಗಳನ್ನು ಅವರು ಬೇರ್ಪಡಿಸಲಿಲ್ಲ.

ಇಂದು ಶಿಕ್ಷಣವು ಒಂದೊಂದೇ ಶಾಖೆಗೆ ಸೀಮಿತವಾಗುತ್ತಿದೆ. ಆಳವಾದ ಪರಿಣತಿ ಅವಶ್ಯವೇ ಸರಿ. ಆದರೆ ಕೆರೆಗಳಲ್ಲಿ ತುಂಬುವ ಹೂಳು, ಅಂಗಳದ ಒತ್ತುವರಿ, ಅಚ್ಚುಕಟ್ಟಿನ ನೀರಿನ ಹಂಚಿಕೆ ಇವು ಒಂದೇ ಶಾಸ್ತ್ರಕ್ಕೆ ಬಗ್ಗುವ ಸಮಸ್ಯೆಗಳಲ್ಲ. ಎಂಜಿನಿಯರಿಗೆ ರೈತನ ಭಾಷೆ ತಿಳಿದಿರಬೇಕು, ರೈತನಿಗೆ ಕಾನೂನಿನ ಅರಿವಿರಬೇಕು, ಅಧಿಕಾರಿಗೆ ಕೆರೆಯ ಚರಿತ್ರೆ ಗೊತ್ತಿರಬೇಕು. ಇವರಲ್ಲಿ ಒಬ್ಬರು ಇನ್ನೊಬ್ಬರ ವಿದ್ಯೆಯನ್ನು ಅರಿಯದಿದ್ದರೆ ಶತಮಾನಗಳ ಏರಿ ಇದ್ದೂ ಕೆರೆ ಬರಿದಾದೀತು.

ಆದ್ದರಿಂದ ಸದ್ಭಕ್ತರು ತಮ್ಮ ಮಕ್ಕಳಿಗೆ ಒಂದು ವಿದ್ಯೆಯನ್ನು ಪೂರ್ಣವಾಗಿಯೂ, ಅದರ ನೆರೆಯ ನಾಲ್ಕು ವಿದ್ಯೆಗಳನ್ನು ಗೌರವದಿಂದಲೂ ಕಲಿಸಬೇಕು. ಮಕ್ಕಳನ್ನು ಒಮ್ಮೆ ಸೂಳೆಕೆರೆಯ ಏರಿಯ ಮೇಲೆ ನಡೆಸಿಕೊಂಡು ಹೋಗಿ, ಇದನ್ನು ಕಟ್ಟಿದವರು ಏನೇನು ಬಲ್ಲವರಾಗಿದ್ದರು ಎಂದು ಕೇಳಿರಿ. ಬಹುಜ್ಞತೆಯ ಪಾಠ ಅಲ್ಲಿಂದಲೇ ಆರಂಭವಾಗಲಿ.