ಮೂರನೇ ಚಾನೆಲ್‌ಗೆ ಹಾಕು: ವಿಸಿಆರ್ ವೈರಿನ ಕಥೆ

ಇವತ್ತಿನ ಸಂಚಿಕೆಗೆ ಕಾರಣ ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕ ಒಂದು ವಿಎಚ್‌ಎಸ್ ಕ್ಯಾಸೆಟ್. ಮೇಲೆ ಅಪ್ಪನ ಅಕ್ಷರದಲ್ಲಿ ‘ಮದುವೆ, 1988’ ಅಂತ ಬರೆದಿದೆ. ನನ್ನ ಅಕ್ಕನ ಮದುವೆ ಅದು. ನಮ್ಮಜ್ಜಿಯ ದನಿ ಉಳಿದಿರೋದು ಆ ಒಂದು ಟೇಪಿನಲ್ಲಿ ಮಾತ್ರ. ಸ್ನೇಹಿತರ ಮನೆಯಿಂದ ಹಳೇ ವಿಸಿಆರ್ ತಂದೆ. ನಮ್ಮ ಹೊಸ ಟಿವಿಯ ಹಿಂದೆ ನೋಡಿದರೆ, ಅದರ ವೈರು ಸಿಕ್ಕಿಸೋಕೆ ಜಾಗವೇ ಇಲ್ಲ!

ತಮಾಷೆ ಏನಂದ್ರೆ, 40 ವರ್ಷದ ಹಿಂದೆಯೂ ಇದೇ ತಾಪತ್ರಯ ಇತ್ತು.

ಸೋನಿಯ ಬೀಟಾಮ್ಯಾಕ್ಸ್ ಬಂದಿದ್ದು 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ರಂದು. ಮರುವರ್ಷ ಏಷ್ಯನ್ ಗೇಮ್ಸ್ ಜೊತೆಗೆ ಬಣ್ಣದ ಟಿವಿ ಬಂತು. ಗಲ್ಫ್‌ನಿಂದ ಬಂದವರು ವಿಸಿಆರ್ ತರುತ್ತಿದ್ದರು. ನಮ್ಮಂಥವರು ಒಂದು ರಾತ್ರಿಗೆ ಬಾಡಿಗೆಗೆ ತಂದು, ಬೆಳಗಾಗೋವರೆಗೆ ಸಿನಿಮಾ ನೋಡುತ್ತಿದ್ದೆವು.

ಆಗಿನ ಬಹುತೇಕ ಟಿವಿಗಳಿಗೆ ಇದ್ದದ್ದು ಒಂದೇ ಬಾಗಿಲು, ಆಂಟೆನಾದ್ದು. ಹಾಗಾಗಿ ವಿಸಿಆರ್ ಪ್ರಸಾರ ಕೇಂದ್ರದ ವೇಷ ಹಾಕಬೇಕಿತ್ತು. ಅದರೊಳಗಿನ ಮಾಡ್ಯುಲೇಟರ್ ಅನ್ನೋ ಪುಟ್ಟ ಡಬ್ಬಿ ಟೇಪಿನ ಚಿತ್ರ, ಧ್ವನಿ ಎರಡನ್ನೂ ಒಂದು ಚಾನೆಲ್‌ನ ತರಂಗಕ್ಕೆ ಏರಿಸುತ್ತಿತ್ತು. ಕೆಲವು ಮೆಷಿನ್‌ಗಳಲ್ಲಿ ಅದು 3 ಅಥವಾ 4ನೇ ಚಾನೆಲ್, ಇನ್ನು ಕೆಲವದರಲ್ಲಿ ಯುಎಚ್‌ಎಫ್‌ನ 36ರ ಆಸುಪಾಸು. ‘ಮೂರನೇ ಚಾನೆಲ್‌ಗೆ ಹಾಕೋ’ ಅಂತ ಅಪ್ಪ ಕೂಗುತ್ತಿದ್ದದ್ದು ಅದಕ್ಕೇ.

ಜೋಡಿಸೋ ಕ್ರಮ ಸುಲಭ. ಹೆಂಚಿನ ಮೇಲಿನ ಆಂಟೆನಾ ವೈರನ್ನು ಟಿವಿಯಿಂದ ಬಿಚ್ಚಿ ವಿಸಿಆರ್‌ನ ‘ಆರ್‌ಎಫ್ ಇನ್’ಗೆ, ‘ಆರ್‌ಎಫ್ ಔಟ್’ನಿಂದ ಇನ್ನೊಂದು ವೈರು ಟಿವಿಗೆ. ಆದರೆ ನಮ್ಮ ಆಂಟೆನಾದ ಚಪ್ಪಟೆ ವೈರು 300 ಓಮ್‌ದು, ವಿಸಿಆರ್‌ನ ದುಂಡನೆ ಕೇಬಲ್ 75 ಓಮ್‌ದು. ನಡುವೆ ಬಾಲನ್ ಅನ್ನೋ ಚಿಕ್ಕ ತುಂಡು ಇಲ್ಲದಿದ್ದರೆ ಚಿತ್ರ ಮಸುಕು. ಇಂಗ್ಲೆಂಡಿನಿಂದ ತಂದ ಮೆಷಿನ್ ಆದರೆ ಚಿತ್ರ ಬರುತ್ತಿತ್ತು, ಮಾತಿನ ಬದಲು ಬರೀ ಬುಸುಗುಟ್ಟೋ ಸದ್ದು. ಅಲ್ಲಿ ಧ್ವನಿಯನ್ನು ಚಿತ್ರದಿಂದ 6 ಮೆಗಾಹರ್ಟ್ಸ್ ದೂರ ಇಡುತ್ತಿದ್ದರು, ನಮ್ಮಲ್ಲಿ 5.5.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ‘ಆರ್‌ಎಫ್ ಔಟ್’ನಿಂದ ಹೊರಡೋದು ಪ್ರಸಾರದಂಥದೇ ಸಿಗ್ನಲ್ ಅಂದಮೇಲೆ ಅದು ಒಂದೇ ಟಿವಿಗೆ ಯಾಕೆ ಹೋಗಬೇಕು? ಬೂಸ್ಟರ್ ಹಾಕಿ ಹಂಚಿದರೆ ಇಡೀ ಬೀದಿಗೆ ಸಾಕು. 80ರ ದಶಕದಲ್ಲಿ ದೇಶದ ಎಷ್ಟೋ ನಗರಗಳಲ್ಲಿ ನಡೆದದ್ದು ಇದೇ. ಒಬ್ಬರ ಮನೆಯಲ್ಲಿ ಒಂದು ವಿಸಿಆರ್. ಅಲ್ಲಿಂದ ತಾರಸಿ, ಮರ, ಕಂಬ ದಾಟಿದ ಕೇಬಲ್. ತಿಂಗಳಿಗಿಷ್ಟು ಅಂತ ದುಡ್ಡು. 1991ರಲ್ಲಿ ಕೊಲ್ಲಿ ಯುದ್ಧದ ಸುದ್ದಿಯೊಂದಿಗೆ ಸಿಎನ್‌ಎನ್, ಆಮೇಲೆ ಸ್ಟಾರ್ ಟಿವಿ ಬಂದಾಗ ಮನೆಮನೆಗೆ ಆ ವೈರು ಆಗಲೇ ತಲುಪಿತ್ತು. ವಿಸಿಆರ್ ಪಕ್ಕಕ್ಕೆ ಡಿಶ್ ಬಂತು, ಅಷ್ಟೇ. ಕೇಬಲ್ ಕಾಯ್ದೆ ಬಂದಿದ್ದು 1995ರಲ್ಲಿ. ಸರ್ಕಾರದ ಒಂದೇ ಚಾನೆಲ್ಲಿನ ಕಾಲ ಮುಗಿಸಿದ್ದು ಉಪಗ್ರಹ ಅಂತೀವಿ. ದಾರಿ ಹಾಕಿಕೊಟ್ಟಿದ್ದು ಮಾತ್ರ ವಿಸಿಆರ್ ಹಿಂದಿನ ಆ ತೂತು.

ಕೊನೆಗೆ ನಮ್ಮ ಕ್ಯಾಸೆಟ್ ಏನಾಯ್ತು? ಟೇಪಿಗೆ ಬಿಳಿ ಬೂಷ್ಟು ಹಿಡಿದಿತ್ತು. ರಿಪೇರಿಯವರೊಬ್ಬರು ಒರೆಸಿ ಕೊಟ್ಟರು. ಎವಿಯಿಂದ ಎಚ್‌ಡಿಎಂಐಗೆ ಬದಲಿಸೋ ಡಬ್ಬಿ ಇಟ್ಟು ಜೋಡಿಸಿದೆ. ಚುಕ್ಕಿ, ಗೆರೆ, ಆಮೇಲೆ ಚಪ್ಪರ. ಅಜ್ಜಿ ಕ್ಯಾಮೆರಾದವನ ಕಡೆ ತಿರುಗಿ, ‘ಊಟ ಆಯ್ತೇನಪ್ಪಾ ನಿಂದು?’ ಅಂದರು. ಅಕ್ಕ ರಿಮೋಟ್ ಕೆಳಗಿಟ್ಟು ಅತ್ತಳು.

ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದೆ. ಇರೋ ಮೆಷಿನ್‌ಗಳೂ ಕೆಡ್ತಾ ಇವೆ. ನಿಮ್ಮ ಅಟ್ಟದಲ್ಲೂ ಕ್ಯಾಸೆಟ್ ಇದ್ದರೆ ಈ ವಾರವೇ ಇಳಿಸಿ. ಬೂಷ್ಟು ಕಂಡರೆ ಮೆಷಿನ್‌ಗೆ ಹಾಕಬೇಡಿ, ಮೊದಲು ಶುಚಿ ಮಾಡಿಸಿ, ಆಮೇಲೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ.