ಡಿಜೆ ಕ್ರಷ್ ಅವರ ಮಿಕ್ಸ್ ಆಲ್ಬಂಗಳು

ಜಪಾನಿನ ಹಿಪ್-ಹಾಪ್ ಕಲಾವಿದ ಡಿಜೆ ಕ್ರಷ್ (ಹಿದೆಯಾಕಿ ಇಶಿ, ಜನನ 1962, ಟೋಕಿಯೊ) 1990ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೊರತಂದ ವಿಳಂಬ ಲಯದ ಮಿಕ್ಸ್ ಆಲ್ಬಂಗಳಲ್ಲಿ ‘ಕೋಲ್ಡ್ ಕ್ರಷ್ ಕಟ್ಸ್’, ‘ಹೊಲೊನಿಕ್: ದ ಸೆಲ್ಫ್ ಮೆಗಾಮಿಕ್ಸ್’ ಮತ್ತು ‘ಕೋಡ್ 4109’ ಮುಖ್ಯವಾದವು. ಬೇರೆ ಬೇರೆ ರೆಕಾರ್ಡುಗಳ ಹಾಡುಗಳನ್ನು ಎರಡು ಟರ್ನ್‌ಟೇಬಲ್ ಹಾಗೂ ಒಂದು ಮಿಕ್ಸರಿನ ಮೂಲಕ ನಡುವೆ ಎಲ್ಲೂ ನಿಲ್ಲದಂತೆ ಹೆಣೆದದ್ದನ್ನು ಮಿಕ್ಸ್ ಎನ್ನುತ್ತಾರೆ. ಕುಣಿತದ ಮಿಕ್ಸುಗಳು ಸಾಮಾನ್ಯವಾಗಿ ನಿಮಿಷಕ್ಕೆ 120ಕ್ಕಿಂತ ಹೆಚ್ಚು ಬಡಿತದಲ್ಲಿ ಓಡುತ್ತವೆ. ಡೌನ್‌ಟೆಂಪೊ ಎಂಬ ಪ್ರಕಾರ ಅದಕ್ಕಿಂತ ಬಹಳ ಕೆಳಗಿನ ವೇಗದಲ್ಲಿ, ಕೂತು ಕೇಳುವವರಿಗಾಗಿ ಬೆಳೆಯಿತು.

ಈ ಕಲೆಯ ಉಪಕರಣ ಹುಟ್ಟಿದ್ದು ಜಪಾನಿನಲ್ಲೇ. ಮತ್ಸುಶಿತ ಕಂಪನಿಯ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ 1972ರಲ್ಲಿ ಬಂತು. ಬೆಲ್ಟಿನ ಬದಲು ಮೋಟಾರೇ ತಟ್ಟೆಯನ್ನು ನೇರವಾಗಿ ತಿರುಗಿಸುವುದರಿಂದ, ರೆಕಾರ್ಡನ್ನು ಕೈಯಲ್ಲಿ ಹಿಡಿದು ಬಿಟ್ಟೊಡನೆ ಅದು ಮತ್ತೆ ವೇಗಕ್ಕೆ ಬರುತ್ತದೆ. ಸ್ಕ್ರ್ಯಾಚ್ ಮಾಡುವವರಿಗೆ, ಅಂದರೆ ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಜರುಗಿಸಿ ಸದ್ದು ಹೊರಡಿಸುವವರಿಗೆ, ಬೇಕಾದದ್ದು ಇದೇ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬೆಳೆದ ಈ ಡಿಜೆ ಕಲೆ ಇದೇ ಯಂತ್ರದ ಮೇಲೆ ಪಕ್ವವಾಗಿ, 1983ರಲ್ಲಿ ‘ವೈಲ್ಡ್ ಸ್ಟೈಲ್’ ಎಂಬ ಹಿಪ್-ಹಾಪ್ ಚಿತ್ರದ ಮೂಲಕ ಟೋಕಿಯೊಗೆ ತಲುಪಿತು. ಶಾಲೆ ಬಿಟ್ಟು ಗ್ಯಾಂಗುಗಳ ಸಹವಾಸದಲ್ಲಿದ್ದ ಕ್ರಷ್‌ಗೆ ಬದುಕಿನ ದಿಕ್ಕು ತೋರಿಸಿದ್ದು ಆ ಚಿತ್ರ. ಯೊಯೊಗಿ ಉದ್ಯಾನದ ಬೀದಿ ಕುಣಿತಗಾರರ ನಡುವೆ ರೆಕಾರ್ಡು ತಿರುಗಿಸುತ್ತ ಅವರು ಕೈ ಪಳಗಿಸಿಕೊಂಡರು. 1987ರಲ್ಲಿ ‘ಕ್ರಷ್ ಪಾಸ್ಸಿ’ ತಂಡ ಕಟ್ಟಿದರು. ತಂಡ ಒಡೆದ ಮೇಲೆ, ಮುಂದೆ ನಿಂತು ರ‍್ಯಾಪ್ ಹೇಳುವವರ ಆಸರೆಯಿಲ್ಲದೆ ಟರ್ನ್‌ಟೇಬಲನ್ನೇ ವಾದ್ಯವಾಗಿ ನುಡಿಸತೊಡಗಿದರು. ಅವರ ಸಂಗೀತದಲ್ಲಿ ಮಾತಿಗಿಂತ ನಾದಕ್ಕೆ ಹೆಚ್ಚು ಜಾಗ ಸಿಕ್ಕಿದ್ದು ಈ ಹಂತದಿಂದಲೇ.

ಲಂಡನ್ನಿನ ಮೊ’ವ್ಯಾಕ್ಸ್ ಸಂಸ್ಥೆ 1994ರಲ್ಲಿ ಹೊರತಂದ ‘ಸ್ಟ್ರಿಕ್ಟ್‌ಲಿ ಟರ್ನ್‌ಟೇಬಲೈಜ್ಡ್’ ಯುರೋಪಿನ ಕೇಳುಗರಿಗೆ ಅವರನ್ನು ಪರಿಚಯಿಸಿತು. ಈ ಬಗೆಯ ವಿಳಂಬ ಲಯದ ಹಿಪ್-ಹಾಪ್‌ಗೆ ‘ಟ್ರಿಪ್-ಹಾಪ್’ ಎಂಬ ಹೆಸರು ಮಿಕ್ಸ್‌ಮ್ಯಾಗ್ ಪತ್ರಿಕೆಯಿಂದ ಚಾಲ್ತಿಗೆ ಬಂದದ್ದೂ ಅದೇ ವರ್ಷ. ಮುಂದೆ ಕೋಲ್ಡ್‌ಕಟ್ ಎಂಬ ಡಿಜೆ ಜೋಡಿ ಸ್ಥಾಪಿಸಿದ್ದ ನಿಂಜಾ ಟ್ಯೂನ್ ಸಂಸ್ಥೆ ‘ಕೋಲ್ಡ್ ಕ್ರಷ್ ಕಟ್ಸ್’ ಎಂಬ ಎರಡು ಡಿಸ್ಕ್‌ಗಳ ಸಂಕಲನ ತಂದಿತು. ಒಂದು ಡಿಸ್ಕ್ ಕೋಲ್ಡ್‌ಕಟ್ ಮತ್ತು ಡಿಜೆ ಫುಡ್ ಅವರದು, ಇನ್ನೊಂದು ಕ್ರಷ್ ಅವರದು; ಎರಡಕ್ಕೂ ಸಾಮಗ್ರಿ ಆ ಸಂಸ್ಥೆಯ ಭಂಡಾರದ್ದು.

‘ಹೊಲೊನಿಕ್’ (1997) ಇದಕ್ಕಿಂತ ಹೆಚ್ಚು ದಿಟ್ಟ ಕೃತಿ. ಇಲ್ಲಿ ಕ್ರಷ್ ತಮ್ಮದೇ ಹಳೆಯ ಹಾಡುಗಳನ್ನು ಬಿಡಿಸಿ, ಒಂದೇ ಧಾರೆಯಾಗಿ ಮತ್ತೆ ಜೋಡಿಸಿದರು. ಬಿಡಿಬಿಡಿಯಾಗಿ ಮುಗಿದು ಹೋಗಿದ್ದ ರಚನೆಗಳು ಒಂದರೊಳಗೊಂದು ಬೆರೆತು ಹೊಸ ಅರ್ಥ ಪಡೆಯುತ್ತವೆ. ಮಿಕ್ಸ್ ಎಂಬುದನ್ನು ಬರೀ ಸಂಕಲನವೆನ್ನದೆ ಸ್ವತಂತ್ರ ರಚನೆಯೆಂದು ಒಪ್ಪಿಸಲು ಈ ಆಲ್ಬಂ ಒಂದೇ ಸಾಕು. ಲಯ ನಿಧಾನವಾದಷ್ಟೂ ಎರಡು ಬಡಿತಗಳ ನಡುವೆ ಜಾಗ ಹೆಚ್ಚುತ್ತದೆ, ಮತ್ತು ಆ ಜಾಗದಲ್ಲಿ ಏನನ್ನೂ ಮರೆಮಾಚಲಾಗದು. ವೇಗದ ಮಿಕ್ಸಿನಲ್ಲಿ ಕಿವಿಗೆ ತಪ್ಪಿಹೋಗುವ ಸಣ್ಣ ಜಾರುವಿಕೆಯೂ ಇಲ್ಲಿ ಎದ್ದು ಕೇಳುತ್ತದೆ. ಸೂಜಿಯ ಚರಚರ ಸದ್ದು, ಬೆರಳಿನ ಒತ್ತಡ, ಸ್ಕ್ರ್ಯಾಚಿನ ಏರಿಳಿತ ಒಂದೊಂದೂ ತನ್ನ ತೂಕ ತೋರಬೇಕಾಗುತ್ತದೆ. ಚಮತ್ಕಾರ ಪ್ರದರ್ಶನವನ್ನೇ ಟರ್ನ್‌ಟೇಬಲಿಸಂ ಎಂದುಕೊಂಡಿದ್ದ ಕಾಲದಲ್ಲಿ ಕ್ರಷ್ ಸಂಯಮವನ್ನು ಆರಿಸಿಕೊಂಡರು. ಕಹಳೆ ವಾದಕ ತೊಶಿನೊರಿ ಕೊಂದೊ ಅವರ ಜೊತೆ 1996ರಲ್ಲಿ ಮಾಡಿದ ‘ಕಿ-ಒಕು’ ಕೂಡ ಇದೇ ಹಾದಿಯದು. ಅಲ್ಲಿ ಟರ್ನ್‌ಟೇಬಲ್ ಸಹವಾದ್ಯವಾಗಿ ಉಸಿರಿನ ವಾದ್ಯಕ್ಕೆ ಕಾಯುತ್ತದೆ, ಉತ್ತರಿಸುತ್ತದೆ.

2000ದಲ್ಲಿ ‘ಕೋಡ್ 4109’ ಬಂದ ಬಳಿಕ ಕ್ರಷ್ ‘ಜೆನ್’ (2001) ಮತ್ತು ಜಪಾನಿನ ಸಾಂಪ್ರದಾಯಿಕ ವಾದ್ಯಗಳನ್ನು ಒಳಗೊಂಡ ‘ಜಾಕು’ (2004) ಮೊದಲಾದ ಸ್ವಂತ ರಚನೆಗಳ ಆಲ್ಬಂಗಳತ್ತ ಹೊರಳಿದರು. ಮುಂದಿನ ತಲೆಮಾರಿನ ಡಿಜೆ ಕೆಂತಾರೊ ಡಿಜೆಗಳಿಗಾಗಿ ನಡೆಯುವ ಡಿಎಂಸಿ ವಿಶ್ವ ಸ್ಪರ್ಧೆಯನ್ನು 2002ರಲ್ಲಿ ಗೆದ್ದು, 2005ರಲ್ಲಿ ನಿಂಜಾ ಟ್ಯೂನ್‌ಗೆ ಮಿಕ್ಸ್ ಆಲ್ಬಂ ಮಾಡಿದರು. ಅವರದು ಹೆಚ್ಚು ಚುರುಕಾದ, ಸ್ಪರ್ಧೆಯ ವೇದಿಕೆಯಲ್ಲಿ ಹದಗೊಂಡ ಶೈಲಿ.